ಉಣುಗೋಲಿನಿಂದ ಉರುಳು ಸಂಕೇತಕ್ಕೆ: ಕಾರಿನ ಬೀಗದ ಕೈ ನಡೆದು ಬಂದ ದಾರಿ

ಹತ್ತು ಹದಿನೈದು ವರ್ಷ ಹಳೆಯದಾದ ಒಂದು ಕಾರನ್ನು ಕಲ್ಪಿಸಿಕೊಳ್ಳಿ. ಎಂಜಿನು ಗಟ್ಟಿಯಾಗಿದೆ, ಘಟ್ಟದ ರಸ್ತೆಯನ್ನು ಈಗಲೂ ಸಲೀಸಾಗಿ ಹತ್ತುತ್ತದೆ. ಆದರೆ ಬಾಗಿಲು ತೆರೆಯುವ ರಿಮೋಟ್ ಕಳೆದುಹೋಗಿದೆ, ಇಲ್ಲವೇ ಮಳೆಗಾಲದಲ್ಲಿ ನೆನೆದು ಸುಮ್ಮನಾಗಿದೆ. ಆಗುಂಬೆಯಿರುವ ತೀರ್ಥಹಳ್ಳಿ ತಾಲ್ಲೂಕು, ಹುಲಿಕಲ್ ಇರುವ ಹೊಸನಗರ ತಾಲ್ಲೂಕು, ಶರಾವತಿಯ ಹಿನ್ನೀರಿನ ಸಾಗರ ತಾಲ್ಲೂಕುಗಳಲ್ಲಿ ಇಂಥ ಸಾವು ರಿಮೋಟುಗಳಿಗೆ ಹೊಸದೇನಲ್ಲ. ಕಂಪನಿಯ ಹೊಸ ರಿಮೋಟ್ ದುಬಾರಿ. ಅದೇ ಮಾದರಿಯ ಕಾರು ಗುಜರಿ ಸೇರಿದ್ದರೆ ಅದರ ರಿಮೋಟ್ ಅಗ್ಗಕ್ಕೆ ಸಿಗುತ್ತದೆ. ನೋಡಲು ಎರಡೂ ಒಂದೇ. ಹಾಗಾದರೆ ಅದನ್ನು ಕೊಂಡು ತಂದರೆ ನಮ್ಮ ಕಾರಿನ ಬಾಗಿಲು ತೆರೆದೀತೇ?

ತೆರೆಯಬಹುದು, ತೆರೆಯದಿರಬಹುದು, ಬಾಗಿಲು ತೆರೆದರೂ ಎಂಜಿನು ಹೊರಡದಿರಬಹುದು. ಮೂರೂ ಉತ್ತರಗಳು ಸರಿ. ಯಾವ ಉತ್ತರ ಯಾವಾಗ ಸರಿ ಎಂದು ತಿಳಿಯಬೇಕಾದರೆ ಬೀಗದ ಕೈ ಎಂಬ ವಸ್ತು ನಡೆದು ಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಬೇಕು. ಅಂಗೈಯಲ್ಲಿ ಅಡಗುವ ಆ ಪುಟ್ಟ ಪೆಟ್ಟಿಗೆಯಲ್ಲಿ ಆ ಇತಿಹಾಸದ ಪದರುಗಳೆಲ್ಲ ಒಂದರ ಮೇಲೊಂದು ಕುಳಿತಿವೆ.

ಯಾರ ವಿರುದ್ಧ ಬೀಗ?

ಮಲೆನಾಡಿನ ಮನೆಯ ಅಂಗಳಕ್ಕೆ ಹೋಗುವ ದಾರಿಯಲ್ಲಿ ಉಣುಗೋಲನ್ನು ನೀವು ನೋಡಿರಬಹುದು. ಎರಡು ಕಂಬಗಳ ತೂತಿನಲ್ಲಿ ಅಡ್ಡಲಾಗಿ ಸರಿಸುವ ಕೆಲವು ಗಳಗಳು, ಅಷ್ಟೆ. ಅದನ್ನು ಯಾವ ಮನುಷ್ಯನಾದರೂ ಸರಿಸಬಲ್ಲ, ದನ ಮಾತ್ರ ಸರಿಸಲಾರದು. ಉಣುಗೋಲು ಕೆಟ್ಟ ಬೀಗವೇ? ಅಲ್ಲ. ಅದು ದನದ ವಿರುದ್ಧ ಇಟ್ಟ ಬೀಗ, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಯಾವುದೇ ಬೀಗವನ್ನು ಅಳೆಯುವ ಮೊದಲು ಅದು ಯಾರ ವಿರುದ್ಧ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಮುಂದೆಯೂ ನೆನಪಿನಲ್ಲಿಡಿ.

ಮನುಷ್ಯರನ್ನೇ ತಡೆಯಬೇಕಾದಾಗ ಏನು ಮಾಡುತ್ತಿದ್ದರು? ಇದಕ್ಕೆ ಇದೇ ಮೂರು ತಾಲ್ಲೂಕುಗಳಲ್ಲಿ ಉದಾಹರಣೆಗಳಿವೆ. ಕೆಳದಿ ಅರಸರ ರಾಜಧಾನಿ ಇಂದಿನ ಸಾಗರ ತಾಲ್ಲೂಕಿನ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 17ನೆಯ ಶತಮಾನದಲ್ಲಿ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಬದಲಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಭದ್ರ ನೆಲೆಗಳಲ್ಲೊಂದು. ಕವಲೇದುರ್ಗವನ್ನು ಹತ್ತುವವರು ಒಂದಾದ ಮೇಲೊಂದು ಕೋಟೆಬಾಗಿಲನ್ನು ದಾಟಬೇಕು. ಒಂದು ಬಾಗಿಲು ಬಿದ್ದರೂ ಮುಂದಿನದು ಉಳಿದಿರುತ್ತದೆ. ಇದು ಪದರು ಪದರಾದ ರಕ್ಷಣೆ.

ಬಿದನೂರಿನ ಬಲ ಬೇರೆ ಬಗೆಯದು. ಸುತ್ತಲಿನ ದಟ್ಟ ಕಾಡು, ಗುಡ್ಡಗಳು ಹಾಗೂ ಅವುಗಳ ನಡುವಿನ ದಾರಿ ಹೊರಗಿನವರಿಗೆ ತಿಳಿಯದು ಎಂಬ ಭರವಸೆ. 1763ರಲ್ಲಿ ಹೈದರಾಲಿ ದಂಡೆತ್ತಿ ಬಂದಾಗ ಲಿಂಗಣ್ಣ ಎಂಬ ಹಿಂದಿನ ಮಂತ್ರಿಯೊಬ್ಬ ಊರಿನೊಳಕ್ಕೆ ಹೋಗುವ ಗುಪ್ತ ದಾರಿಯನ್ನು ತಿಳಿಸಿದನೆಂದು ಇತಿಹಾಸ ಗ್ರಂಥಗಳು ಹೇಳುತ್ತವೆ. ಬಿದನೂರು ಬಿತ್ತು. ರಾಣಿ ವೀರಮ್ಮಾಜಿಯ ಆಳ್ವಿಕೆ ಮುಗಿಯಿತು. ಊರಿಗೆ ಹೈದರನಗರ ಎಂಬ ಹೆಸರು ಬಂತು, ಅದೇ ಇಂದಿನ ನಗರ. ಗುಟ್ಟನ್ನು ಬಲ್ಲ ಒಬ್ಬನೇ ಒಬ್ಬ ಬಾಯಿಬಿಟ್ಟರೆ ಕುಸಿಯುವ ರಕ್ಷಣೆ ಎಂಥದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಲೋಹದ ಬೀಗ, ಬಹಿರಂಗ ಸವಾಲು

ಯೂರೋಪಿನ ಬೀಗ ತಯಾರಕರು ಇದೇ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಲಿತರು. ಲಂಡನ್ನಿನ ಜೋಸೆಫ್ ಬ್ರಾಮ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಎಂದು ಸಾರಿದ್ದ. ಹಲವು ದಶಕ ಯಾರಿಂದಲೂ ಆಗಲಿಲ್ಲ. 1851ರ ಲಂಡನ್ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಎ.ಸಿ. ಹಾಬ್ಸ್ ಅದನ್ನು ತೆರೆದೇಬಿಟ್ಟ. 16 ದಿನಗಳಲ್ಲಿ ಹಂಚಿಹೋದ 51 ಗಂಟೆಗಳ ಕೆಲಸವದು. ಬೀಗದ ದೋಷವನ್ನು ಬಹಿರಂಗಪಡಿಸುವುದು ತಪ್ಪಲ್ಲವೇ ಎಂಬ ಚರ್ಚೆ ಆಗ ಜೋರಾಗಿಯೇ ನಡೆಯಿತು. ಅದರ ಪರಿಣಾಮ ಮಾತ್ರ ಒಳ್ಳೆಯದಾಯಿತು, ಬೀಗಗಳು ಸುಧಾರಿಸಿದವು. ಲೈನಸ್ ಯೇಲ್ (ಕಿರಿಯ) 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದ, ಸಣ್ಣ ಸಣ್ಣ ಪಿನ್ನುಗಳ ಬೀಗ ಇಂದಿಗೂ ಮನೆಬಾಗಿಲುಗಳಲ್ಲಿದೆ. ನಮ್ಮಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಬೀಗದ ತಯಾರಿಕೆ ಆರಂಭಿಸಿದರು.

ಯೇಲ್ ಬೀಗದ ಕೈಯ ಹಲ್ಲುಗಳನ್ನು ಗಮನಿಸಿ. ಐದು ಪಿನ್ನು, ಪ್ರತಿಯೊಂದಕ್ಕೂ ಹತ್ತು ಎತ್ತರಗಳು ಎಂದಿಟ್ಟುಕೊಂಡರೆ 10×10×10×10×10, ಅಂದರೆ ಒಂದು ಲಕ್ಷ ಜೋಡಣೆಗಳು. ಲೋಹದ ಕೀಲಿಯೂ ಒಂದು ಸಂಖ್ಯೆಯೇ! ಅದನ್ನು ಹಿತ್ತಾಳೆಯಲ್ಲಿ ಬರೆಯಲಾಗಿದೆ, ಅಷ್ಟೆ.

1883ರಲ್ಲಿ ಡಚ್ ಮೂಲದ ಭಾಷಾತಜ್ಞ ಆಗಸ್ಟ್ ಕೆರ್ಕಾಫ್ಸ್ ಸೈನ್ಯದ ಗೂಢಲಿಪಿಗಳನ್ನು ಕುರಿತು ಒಂದು ನಿಯಮವನ್ನು ಮುಂದಿಟ್ಟ. ಗೂಢಲಿಪಿಯ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದುದು ಕೀಲಿ ಮಾತ್ರ ಎಂಬುದು ಅದರ ಸಾರ. ಕೀಲಿ ಬಯಲಾದರೆ ಬದಲಾಯಿಸಬಹುದು, ಇಡೀ ವಿಧಾನವನ್ನು ಬದಲಾಯಿಸುವುದು ಸುಲಭವಲ್ಲ. ಬಿದನೂರಿನ ಗುಪ್ತ ದಾರಿಯನ್ನು ರಾತ್ರೋರಾತ್ರಿ ಬೇರೆಡೆಗೆ ತಿರುಗಿಸಲು ಸಾಧ್ಯವಿತ್ತೇ?

ತಂತಿಯಿಲ್ಲದ ಕೀಲಿ

ದೂರದಿಂದಲೇ ಕೆಲಸ ಮಾಡಿಸುವ ವಿದ್ಯೆಯಲ್ಲಿ ಭಾರತಕ್ಕೂ ಪಾಲಿದೆ. ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗಾಲಯದಲ್ಲಿ ತೋರಿಸಿದ. ಕೆಲವೇ ವರ್ಷಗಳಲ್ಲಿ, 1890ರ ದಶಕದ ಮಧ್ಯದಲ್ಲಿ, ಜಗದೀಶಚಂದ್ರ ಬೋಸರು ಕೋಲ್ಕತ್ತದಲ್ಲಿ ಗೋಡೆಗಳನ್ನು ದಾಟಿಹೋದ ಅಲೆಗಳಿಂದ ಗಂಟೆ ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ನಡೆಸಿದ.

ಕಾರಿನ ಬಾಗಿಲಿಗೆ ಇದು ಬರಲು ಇನ್ನೂ ಎಂಟು ದಶಕ ಬೇಕಾಯಿತು. 1980ರಲ್ಲಿ ಫೋರ್ಡ್ ಕಂಪನಿ ಕೆಲವು ಕಾರುಗಳ ಬಾಗಿಲ ಮೇಲೆ ಐದು ಗುಂಡಿಗಳ ಫಲಕವನ್ನಿಟ್ಟಿತು. ಐದು ಅಂಕೆಗಳ ಸಂಕೇತ, ಪ್ರತಿ ಗುಂಡಿಗೂ ಎರಡು ಅಂಕೆ. ಆದ್ದರಿಂದ ನಿಜವಾದ ಜೋಡಣೆಗಳು ಒಂದು ಲಕ್ಷವಲ್ಲ, 5ರ ಐದನೆಯ ಘಾತ, ಅಂದರೆ 3125 ಮಾತ್ರ. 1982ರಲ್ಲಿ ಫ್ರಾನ್ಸಿನ ರೆನೊ ಫ್ಯೂಗೊ ಕಾರಿನಲ್ಲಿ ಕೈಯಲ್ಲಿ ಹಿಡಿಯುವ ರಿಮೋಟ್ ಬಂತು. ಅದನ್ನು ರೂಪಿಸಿದ ಪಾಲ್ ಲಿಪ್‌ಶುಟ್ಸ್‌ನ ಹೆಸರಿನಿಂದ ಫ್ರೆಂಚರು ರಿಮೋಟನ್ನು ‘ಪ್ಲಿಪ್’ ಎಂದೇ ಕರೆದರು. ಮರುವರ್ಷ, 1983ರ ಡಿಸೆಂಬರಿನಲ್ಲಿ, ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕಾರಿಗೆ ಇದ್ದುದು ಬರಿಯ ಲೋಹದ ಕೀಲಿ.

ರಿಮೋಟುಗಳು ಬಳಸುವ ಅಲೆಯ ಆವೃತ್ತಿ ದೇಶದಿಂದ ದೇಶಕ್ಕೆ ಬೇರೆ. ಭಾರತ ಹಾಗೂ ಯೂರೋಪಿನಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್, ಅಮೆರಿಕ ಮತ್ತು ಜಪಾನಿನಲ್ಲಿ 315 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 433.92 ಮೆಗಾಹರ್ಟ್ಸ್‌ಗೆ ಅದು ಸುಮಾರು 69 ಸೆಂಟಿಮೀಟರ್, 315ಕ್ಕೆ ಸುಮಾರು 95 ಸೆಂಟಿಮೀಟರ್. ಕಾರಿನ ಗ್ರಾಹಕ ಒಂದು ಆವೃತ್ತಿಗೆ ಶ್ರುತಿಗೊಂಡಿದ್ದರೆ ಇನ್ನೊಂದನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ. ಹೊರದೇಶದಿಂದ ಬಂದ ಬಳಸಿದ ರಿಮೋಟ್ ಎಷ್ಟು ಒತ್ತಿದರೂ ಕೆಲಸ ಮಾಡದಿರಲು ಇದು ಮೊದಲ ಕಾರಣ.

ಕೇಳಿಸಿಕೊಂಡವನಿಗೂ ಕೀಲಿ

ಆರಂಭದ ರೇಡಿಯೊ ರಿಮೋಟುಗಳು ಪ್ರತಿ ಬಾರಿಯೂ ಒಂದೇ ಸಂಕೇತವನ್ನು ಕಳಿಸುತ್ತಿದ್ದವು. ಎಂಟು ಪುಟ್ಟ ಸ್ವಿಚ್ಚುಗಳ ರಿಮೋಟಿನಲ್ಲಿ ಸಾಧ್ಯವಿದ್ದುದು 2ರ ಎಂಟನೆಯ ಘಾತ, ಅಂದರೆ 256 ಸಂಕೇತಗಳು. ಸೆಕೆಂಡಿಗೆ ಹತ್ತರಂತೆ ಪ್ರಯತ್ನಿಸಿದರೆ ಅರ್ಧ ನಿಮಿಷದೊಳಗೆ ಎಲ್ಲ ಮುಗಿಯುತ್ತವೆ. ಸಂಕೇತ ಇನ್ನೂ ಉದ್ದವಾಗಿದ್ದರೂ ಕಳ್ಳನಿಗೆ ಚಿಂತೆಯಿಲ್ಲ. ಹತ್ತಿರದಲ್ಲಿ ನಿಂತು ಅದನ್ನು ಒಮ್ಮೆ ಧ್ವನಿಮುದ್ರಣದಂತೆ ಹಿಡಿದಿಟ್ಟುಕೊಂಡು ಮತ್ತೆ ಬಿತ್ತರಿಸಿದರಾಯಿತು. ಈ ರಿಮೋಟ್ ಒಂದು ಉಣುಗೋಲು. ದಾರಿಹೋಕರನ್ನು ತಡೆದೀತು, ಕಿವಿಗೊಟ್ಟು ನಿಂತವನನ್ನಲ್ಲ.

ಪರಿಹಾರವೇನು? ಪ್ರತಿ ಒತ್ತಿಗೂ ಸಂಕೇತ ಬದಲಾಗಬೇಕು. ಆದರೆ ಏನು ಬರಲಿದೆ ಎಂಬುದು ಕಾರಿಗೆ ಮಾತ್ರ ಗೊತ್ತಿರಬೇಕು. ಇದೇ ‘ಉರುಳು ಸಂಕೇತ’. 1980ರ ದಶಕದ ಮಧ್ಯಭಾಗದಲ್ಲಿ ದಕ್ಷಿಣ ಆಫ್ರಿಕದ ನ್ಯಾನೊಟೆಕ್ ಸಂಸ್ಥೆಯಲ್ಲಿ ರೂಪುಗೊಂಡ ‘ಕೀಲಾಕ್’ ಇವುಗಳಲ್ಲಿ ಪ್ರಸಿದ್ಧ. 1995ರಲ್ಲಿ ಅಮೆರಿಕದ ಮೈಕ್ರೊಚಿಪ್ ಕಂಪನಿ ಅದನ್ನು ಒಂದು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡುಕೊಂಡಿತು.

ಈ ಬಗೆಯ ಚಿಪ್ ಒಂದು ಒತ್ತಿಗೆ 66 ಬಿಟ್ ಕಳಿಸುತ್ತದೆ. ಅದರಲ್ಲಿ 28 ಬಿಟ್ ರಿಮೋಟಿನ ಕ್ರಮಸಂಖ್ಯೆ. ಇದು ಬದಲಾಗದು, ರಿಮೋಟಿನ ಹೆಸರಿದ್ದಂತೆ. ಸುಮಾರು 26.8 ಕೋಟಿ ಹೆಸರುಗಳು ಸಾಧ್ಯ. ಒತ್ತಿದ ಎಣಿಕೆಯನ್ನೊಳಗೊಂಡ 32 ಬಿಟ್‌ಗಳನ್ನು 64 ಬಿಟ್‌ಗಳ ಗುಪ್ತಸಂಖ್ಯೆಯೊಡನೆ 528 ಸುತ್ತು ಕಲಸಿ ಕಳಿಸಲಾಗುತ್ತದೆ. ಉಳಿದ ಕೆಲವು ಬಿಟ್‌ಗಳು ಯಾವ ಗುಂಡಿ ಒತ್ತಿದ್ದು, ಬ್ಯಾಟರಿ ಹೇಗಿದೆ ಎಂಬುದನ್ನು ಹೇಳುತ್ತವೆ. ಕಾರು ಅದೇ ಗುಪ್ತಸಂಖ್ಯೆಯಿಂದ ಕಲಸಿದ್ದನ್ನು ಬಿಡಿಸಿ ಎಣಿಕೆಯನ್ನು ನೋಡುತ್ತದೆ. ಹಿಂದಿನದಕ್ಕಿಂತ ಮುಂದಿದ್ದರೆ ಬಾಗಿಲು ತೆರೆಯುತ್ತದೆ. ಹಳೆಯ ಎಣಿಕೆಯಾದರೆ ಸುಮ್ಮನಿರುತ್ತದೆ. ಹೀಗಾಗಿ ಮುದ್ರಿಸಿಕೊಂಡ ಸಂಕೇತ ಬರೀ ಹಳಸಲು.

ಕಿಸೆಯಲ್ಲಿದ್ದಾಗ ಗುಂಡಿ ತಾನಾಗಿ ಒತ್ತಿಹೋದರೆ? ಅದಕ್ಕೂ ಏರ್ಪಾಡಿದೆ. ಸಾಮಾನ್ಯವಾಗಿ ಮುಂದಿನ 16 ಎಣಿಕೆಗಳವರೆಗೆ ಕಾರು ಒಡನೆಯೇ ಒಪ್ಪುತ್ತದೆ. ಅದಕ್ಕಿಂತ ದೂರ ಹೋಗಿದ್ದರೆ ಒಂದರ ಹಿಂದೊಂದು ಎರಡು ಸರಿಯಾದ ಸಂಕೇತ ಬಂದ ಮೇಲೆ ಒಪ್ಪುತ್ತದೆ. ಮಗು ಐವತ್ತು ಸಲ ಒತ್ತಿ ಆಡಿದ ರಿಮೋಟ್ ಮೊದಲ ಒತ್ತಿಗೆ ಸುಮ್ಮನಿದ್ದು ಎರಡನೆಯದಕ್ಕೆ ತೆರೆಯುವುದು ಈ ಕಾರಣದಿಂದ. ಎಣಿಕೆಗೆ 16 ಬಿಟ್, ಅಂದರೆ 65,536 ಒತ್ತುಗಳು. ದಿನಕ್ಕೆ ಹತ್ತರಂತೆ ಲೆಕ್ಕ ಹಾಕಿ, ಸುಮಾರು 18 ವರ್ಷ. ಬ್ಯಾಟರಿ ತೆಗೆದರೂ ಈ ಎಣಿಕೆ ಅಳಿಯುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ: ಮಕ್ಕಳನ್ನು ರಿಮೋಟ್, ಕಾರು, ಕಳ್ಳ ಎಂದು ಮೂರು ಗುಂಪು ಮಾಡಿ. ‘ಎಣಿಕೆಯನ್ನು 37ರಿಂದ ಗುಣಿಸಿ, 11 ಕೂಡಿಸಿ, 100ರಿಂದ ಭಾಗಿಸಿದ ಶೇಷ’ ಎಂಬ ಸೂತ್ರವನ್ನು ಮೊದಲ ಎರಡು ಗುಂಪುಗಳಿಗೆ ಮಾತ್ರ ಗುಟ್ಟಾಗಿ ತಿಳಿಸಿ. ಸಂಕೇತಗಳು 48, 85, 22, 59, 96 ಎಂದು ಬರುತ್ತವೆ. ನೋಡಲು ಕ್ರಮವಿಲ್ಲ ಅನ್ನಿಸುತ್ತದೆ. ಆದರೆ ಕಳ್ಳರ ಗುಂಪು ಪಕ್ಕಪಕ್ಕದ ವ್ಯತ್ಯಾಸಗಳನ್ನು ಬರೆದುಕೊಂಡರೆ ಗುಟ್ಟು ಬೇಗ ಬಯಲಾಗುತ್ತದೆ (ವ್ಯತ್ಯಾಸ ಋಣವಾದರೆ 100 ಕೂಡಿಸಬೇಕು, ಪ್ರತಿ ಸಲವೂ 37). 528 ಸುತ್ತು ಕಲಸುವುದೇಕೆ ಎಂಬುದು ಆಗ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಒಂದೇ ತಾಯಿ ಕೀಲಿ

ಈಗ ಬಳಸಿದ ರಿಮೋಟಿನ ವಿಷಯಕ್ಕೆ ಬರೋಣ. ಗುಜರಿಯಿಂದ ಬಂದ ರಿಮೋಟಿನ ಕ್ರಮಸಂಖ್ಯೆ ನಿಮ್ಮ ಕಾರಿಗೆ ಅಪರಿಚಿತ. ಆದ್ದರಿಂದ ಕಾರಿಗೆ ಅದನ್ನು ‘ಕಲಿಸಬೇಕು’. ಕಲಿಸುವಾಗ ಅದರ ಗುಪ್ತಸಂಖ್ಯೆ ಕಾರಿಗೆ ತಿಳಿಯುವುದಾದರೂ ಹೇಗೆ? ಅದನ್ನು ಗಾಳಿಯಲ್ಲಿ ಕಳಿಸಿದರೆ ಗುಟ್ಟೇ ಉಳಿಯದು. ಕೀಲಾಕ್‌ನ ಸಾಮಾನ್ಯ ವಿಧಾನದಲ್ಲಿ ಕಾರಿನೊಳಗೆ ತಯಾರಕನ ಒಂದು ‘ತಾಯಿ ಕೀಲಿ’ ಇರುತ್ತದೆ. ತಾಯಿ ಕೀಲಿ ಮತ್ತು ಕ್ರಮಸಂಖ್ಯೆ ಎರಡನ್ನೂ ಸೇರಿಸಿ ಆ ರಿಮೋಟಿನ ಗುಪ್ತಸಂಖ್ಯೆಯನ್ನು ಕಾರು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇಂಥ ವ್ಯವಸ್ಥೆಯಲ್ಲಿ ಅದೇ ತಯಾರಕನ ಬಳಸಿದ ರಿಮೋಟನ್ನು ಇನ್ನೊಂದು ಕಾರು ಕಲಿಯಬಲ್ಲದು.

ಈ ಅನುಕೂಲವೇ ಅದರ ದೌರ್ಬಲ್ಯವೂ ಆಯಿತು. 2006ರ ಸುಮಾರಿಗೆ ಕೀಲಾಕ್‌ನ ವಿಧಾನ ಬಯಲಾಯಿತು. ಬೆಲ್ಜಿಯಂ ಮತ್ತು ಇಸ್ರೇಲಿನ ಗಣಿತಜ್ಞರು ಅದರಲ್ಲಿ ಬಿರುಕುಗಳನ್ನು ಕಂಡರು. 2008ರಲ್ಲಿ ಜರ್ಮನಿಯ ಬೋಹುಂ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಚಿಪ್ ಲೆಕ್ಕ ಮಾಡುವಾಗ ಅದು ಬಳಸುವ ವಿದ್ಯುತ್ತಿನ ಏರಿಳಿತವನ್ನು ಅಳೆದೇ ತಾಯಿ ಕೀಲಿಯನ್ನು ಹೊರತೆಗೆದರು! ತಾಯಿ ಕೀಲಿ ಸಿಕ್ಕ ಮೇಲೆ ಎರಡು ಸಂದೇಶಗಳನ್ನು ಕದ್ದು ಕೇಳಿದರೆ ಸಾಕು, ಆ ರಿಮೋಟಿನ ನಕಲು ಸಿದ್ಧ. ಒಬ್ಬ ಲಿಂಗಣ್ಣ ತಿಳಿಸಿದ ದಾರಿಯಲ್ಲಿ ಒಂದೇ ಊರು ಬಿತ್ತು, ಇಲ್ಲಿ ಒಂದು ಸಂಖ್ಯೆಯ ಹಿಂದೆ ಒಬ್ಬ ತಯಾರಕನ ಎಲ್ಲ ಬೀಗಗಳೂ ಇದ್ದವು. ಇದಕ್ಕೆ ಎದುರಾಗಿ, ಬಹಿರಂಗ ಸ್ಪರ್ಧೆಯಲ್ಲಿ ಲೋಕದ ತಜ್ಞರೆಲ್ಲ ಪರೀಕ್ಷಿಸಿದ ಬಳಿಕ 2001ರಲ್ಲಿ ಅಮೆರಿಕ ಅಂಗೀಕರಿಸಿದ ಎ.ಇ.ಎಸ್. ಎಂಬ ಗೂಢಲಿಪಿ ವಿಧಾನ ಎಲ್ಲರಿಗೂ ತಿಳಿದಿದ್ದರೂ ಗಟ್ಟಿಯಾಗಿ ನಿಂತಿದೆ. ಹೊಸ ರಿಮೋಟುಗಳು ಅದರತ್ತ ತಿರುಗಿವೆ. ಕೆರ್ಕಾಫ್ಸ್ ಹೇಳಿದ್ದು ಇದನ್ನೇ.

ಬಾಗಿಲು ತೆರೆದರೂ ಎಂಜಿನು ಹೊರಡದು

ಕವಲೇದುರ್ಗದಲ್ಲಿರುವಂತೆ ಕಾರಿನಲ್ಲೂ ಎರಡನೆಯ ಬಾಗಿಲಿದೆ. 1986ರ ಮಾದರಿಯ ಷೆವರ್ಲೆ ಕಾರ್ವೆಟ್ ಕಾರಿನ ಕೀಲಿಯಲ್ಲಿ ಒಂದು ಪುಟ್ಟ ರೋಧಕವನ್ನು ಕೂರಿಸಿದ್ದರು. ಅದರ ರೋಧವನ್ನು ಅಳೆದು, ಸರಿಯಿದ್ದರೆ ಮಾತ್ರ ಕಾರು ಎಂಜಿನನ್ನು ಹೊರಡಿಸುತ್ತಿತ್ತು. ಆದರೆ ಬೆಲೆಗಳು 15 ಮಾತ್ರ. ಮಲ್ಟಿಮೀಟರ್ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೂ ಅದನ್ನು ಅಳೆಯಬಲ್ಲ.

ಮುಂದಿನ ಹೆಜ್ಜೆ ಟ್ರಾನ್ಸ್‌ಪಾಂಡರ್. ಕೀಲಿಯ ತಲೆಯಲ್ಲಿ ಅಕ್ಕಿಕಾಳಿನಂಥ ಚಿಪ್, ಅದಕ್ಕೊಂದು ತಂತಿಯ ಸುರುಳಿ. ಬ್ಯಾಟರಿ ಬೇಡ. ಕೀಲಿ ತೂರಿಸುವ ಕಿಂಡಿಯ ಸುತ್ತ ಇರುವ ಸುರುಳಿ ಸುಮಾರು 125 ಕಿಲೊಹರ್ಟ್ಸ್‌ನಲ್ಲಿ ಕಾಂತಕ್ಷೇತ್ರವನ್ನು ಏರಿಳಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಚಿಪ್‌ಗೆ ಜೀವ ಬಂದು ಅದು ತನ್ನ ಗುರುತು ಹೇಳುತ್ತದೆ. ಗುರುತು ಹೊಂದದಿದ್ದರೆ ಎಂಜಿನಿಗೆ ಇಂಧನ ಅಥವಾ ಕಿಡಿ ಸಿಗದು. ಇದೇ ಇಮ್ಮೊಬಿಲೈಸರ್. ಯೂರೋಪಿನ ಒಕ್ಕೂಟ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. 2000ರ ದಶಕದಲ್ಲಿ ಭಾರತದ ಸಣ್ಣ ಕಾರುಗಳಿಗೂ ಇದು ಬಂತು. ಮಾರುತಿ ಇದನ್ನು ‘ಐ-ಕ್ಯಾಟ್ಸ್’ ಎಂದು ಕರೆಯಿತು.

ಹಾಗಾಗಿ ರಿಮೋಟಿನ ಪೆಟ್ಟಿಗೆಯೊಳಗೆ ಇರುವುದು ಒಂದು ಕೀಲಿಯಲ್ಲ, ಮೂರು. ಲೋಹದ ಅಲಗು, ಬಾಗಿಲಿನ ರೇಡಿಯೊ ಮತ್ತು ಎಂಜಿನಿನ ಟ್ರಾನ್ಸ್‌ಪಾಂಡರ್. ಈ ಮೂರನ್ನೂ ಬೇರೆ ಬೇರೆಯಾಗಿಯೇ ಹೊಂದಿಸಬೇಕು.

ಕೊಳ್ಳುವ ಮುನ್ನ

1. ಮೊದಲು ಹಳೆಯ ರಿಮೋಟ್ ನಿಜಕ್ಕೂ ಸತ್ತಿದೆಯೇ ನೋಡಿ. ಬ್ಯಾಟರಿ ಬದಲಿಸಿ. ಸಿ.ಆರ್. 2032 ಎಂದರೆ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪದ, 3 ವೋಲ್ಟಿನ ಲಿಥಿಯಂ ಬಿಲ್ಲೆ. ಮಳೆಗಾಲದಲ್ಲಿ ಸಂಪರ್ಕದ ಲೋಹಕ್ಕೆ ಹಸಿರು ಕಿಲುಬು ಹತ್ತಿರುವುದು ಸಾಮಾನ್ಯ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿ. ಅನಂತರ ಕಾರಿನ ಹತ್ತಿರ ನಿಂತು ಎರಡು ಮೂರು ಬಾರಿ ಒತ್ತಿ. ತೆಗೆದ ಬಿಲ್ಲೆ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಾಪಾಯ.

2. ಕಾರಿನ ರಿಮೋಟ್ ಕಂಪನಿಯದೋ, ಆಮೇಲೆ ಅಂಗಡಿಯಲ್ಲಿ ಹಾಕಿಸಿದ ಸೆಂಟ್ರಲ್ ಲಾಕಿಂಗಿನದೋ ತಿಳಿದುಕೊಳ್ಳಿ. ಎರಡನೆಯದಾದರೆ ಕಾರಿನ ಮಾದರಿ ಲೆಕ್ಕಕ್ಕಿಲ್ಲ, ಆ ಕಿಟ್‌ನ ಮಾದರಿ ಮುಖ್ಯ.

3. ಗುಂಡಿಗಳನ್ನು ಎಣಿಸಿ ಕೊಳ್ಳಬೇಡಿ. ಒಳಗಿನ ಅಥವಾ ಹಿಂಬದಿಯ ಬಿಡಿಭಾಗ ಸಂಖ್ಯೆ, ಆವೃತ್ತಿ, ಟ್ರಾನ್ಸ್‌ಪಾಂಡರ್ ಬಗೆ ಈ ಮೂರನ್ನೂ ಹೋಲಿಸಿ. ನೋಡಲು ಒಂದೇ ಆದ ಪೆಟ್ಟಿಗೆಯಲ್ಲಿ ಬೇರೆ ಚಿಪ್ ಇರಬಹುದು.

4. ಕೆಲವು ತಯಾರಕರ ಚಿಪ್ ಒಮ್ಮೆ ಒಂದು ಕಾರಿಗೆ ಹೊಂದಿದ ಮೇಲೆ ಬೀಗ ಬಿದ್ದಂತಾಗುತ್ತದೆ, ಇನ್ನೊಂದು ಕಾರಿಗೆ ಒಗ್ಗುವುದಿಲ್ಲ. ಕಲಿಸಿ ಕೊಡುವ ಕೆಲಸಗಾರರನ್ನು ಮೊದಲು ಕೇಳಿ, ಆಮೇಲೆ ಹಣ ಕೊಡಿ. ಕಲಿಸಿದರೂ ಆಗದಿದ್ದರೆ ಹಿಂದಿರುಗಿಸಬಹುದೇ ಎಂಬುದನ್ನೂ ಕೇಳಿ.

5. ಹಳೆಯ ಅಲಗು ಬೇರೆ ಕಾರಿಗೆ ಕತ್ತರಿಸಿದ್ದು. ನಿಮ್ಮ ಅಲಗನ್ನೇ ಅದಕ್ಕೆ ಜೋಡಿಸಲು ಬರುತ್ತದೆಯೇ ನೋಡಿ.

6. ಕಲಿಸಲು ಕುಳಿತಾಗ ಕಾರಿನ ನೆನಪಿನಲ್ಲಿ ಎಷ್ಟು ಕೀಲಿಗಳಿವೆ ಎಂದು ಕೇಳಿ, ಕಳೆದುಹೋದುದನ್ನು ಅಳಿಸಿಸಿ.

ಕೊನೆಯ ಈ ಮಾತು ಎಲ್ಲಕ್ಕಿಂತ ಮುಖ್ಯ. ಹಳೆಯ ಕಾರು ಕೊಂಡವರು ಆರ್.ಸಿ. ಪುಸ್ತಕದಲ್ಲಿ ಹೆಸರು ಬದಲಾಯಿಸುತ್ತಾರೆ, ಕಾರಿನ ನೆನಪಿನಲ್ಲಿರುವ ಕೀಲಿಗಳನ್ನು ಬದಲಾಯಿಸುವುದಿಲ್ಲ. ಹಿಂದಿನ ಯಾರದೋ ಮೇಜಿನ ಖಾನೆಯಲ್ಲಿ ಮರೆತು ಉಳಿದ ಎರಡನೆಯ ರಿಮೋಟಿಗೆ ಆ ಕಾರು ಇಂದಿಗೂ ತೆರೆದುಕೊಳ್ಳುತ್ತದೆ. ಕಾರು ಕಳವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಎಲ್ಲ ಕೀಲಿಗಳನ್ನೂ ಕೇಳುತ್ತವೆ ಎಂಬುದನ್ನೂ ನೆನಪಿಡಿ. ಅದೇ ರೀತಿ, ಕಾರನ್ನು ಗುಜರಿಗೆ ಕೊಡುವಾಗ ರಿಮೋಟಿನೊಡನೆ ನಿಮ್ಮ ಬೇರೆ ಕೀಲಿಗಳೋ ವಿಳಾಸದ ಚೀಟಿಯೋ ಹೋಗದಿರಲಿ.

ಬೀಗ ಮತ್ತು ಕಳ್ಳನ ಓಟ ಇಲ್ಲಿಗೇ ನಿಂತಿಲ್ಲ. 1998ರಲ್ಲಿ ಮರ್ಸಿಡಿಸ್ ಬೆಂಜ್ ತಂದ, ಗುಂಡಿಯನ್ನೇ ಒತ್ತಬೇಕಿಲ್ಲದ ಕೀಲಿಯನ್ನು ಹೋಲುವ ವ್ಯವಸ್ಥೆಗಳನ್ನು 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು ಪರೀಕ್ಷಿಸಿದರು. ಕೀಲಿಯ ಅಲೆಯನ್ನು ದೂರಕ್ಕೆ ಸಾಗಿಸಿದರೆ ಕಾರು ಮೋಸ ಹೋಗುತ್ತದೆಂದು 10 ಮಾದರಿಗಳಲ್ಲಿ ತೋರಿಸಿದರು. ಅಲ್ಲಿ ಗೂಢಲಿಪಿಯನ್ನು ಯಾರೂ ಒಡೆಯಲಿಲ್ಲ. ಕೀಲಿ ಹತ್ತಿರವಿದೆ ಎಂಬ ಕಾರಿನ ನಂಬಿಕೆಯನ್ನು ಮಾತ್ರ ಒಡೆದರು. ಮುಚ್ಚಿದ ಲೋಹದ ಡಬ್ಬಿಯಲ್ಲಿ ಕೀಲಿಯಿಟ್ಟರೆ ಆ ಅಲೆ ಹೊರಬಾರದು. ಇದನ್ನು ವಿದ್ಯಾರ್ಥಿಗಳು ಅಡುಗೆಮನೆಯ ಡಬ್ಬಿಯಿಂದಲೇ ಪರೀಕ್ಷಿಸಬಹುದು. ಮುಚ್ಚಳ ಎಷ್ಟು ಸಡಿಲವಾದಾಗ ಬಾಗಿಲು ತೆರೆಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಅದರ ಕಾರಣವನ್ನು ಭೌತಶಾಸ್ತ್ರದ ತರಗತಿಯಲ್ಲಿ ಚರ್ಚಿಸಿ.